ಶೂನ್ಯವರದಿ ಮೀಮಾಂಸೆ

ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಹೊಸದಾಗಿ ಬಂದ ಎಪಿಡೆಮಿಯಾಲಜಿಸ್ಟ್‌ಗೆ ದೀಕ್ಷೆ ಸಿಗುವುದು ಮೂರು ಬೀಜಾಕ್ಷರಗಳಲ್ಲಿ: ಎಸ್, ಪಿ, ಎಲ್. 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯೇ ಇದರ ಮೂಲಾಗಮ. ಉಪಕೇಂದ್ರದ ಕಾರ್ಯಕರ್ತೆ ಜ್ವರ ಕಂಡರೆ ಎಸ್ ಫಾರಂ, ವೈದ್ಯಾಧಿಕಾರಿ ಅದು ಡೆಂಗಿ ಇರಬಹುದೆಂದರೆ ಪಿ, ಲ್ಯಾಬಿನವರು ಹೌದೆಂದರೆ ಎಲ್. ಶಂಕೆ, ಸಂಭವ, ನಿಶ್ಚಯ. ತಾರ್ಕಿಕರು ಶತಮಾನಗಟ್ಟಲೆ ಜಗಳವಾಡಿದ ವಿಷಯವನ್ನು ಇಲಾಖೆ ಮೂರು ಹಾಳೆಗಳಲ್ಲಿ ಇತ್ಯರ್ಥ ಮಾಡಿದೆ.

ಉಳಿದದ್ದು ಸೊನ್ನೆ.

ರೋಗಿಗಳಿಲ್ಲದಿದ್ದರೂ ಸೊನ್ನೆ ಬರೆದು ಕಳಿಸಲೇಬೇಕೆಂಬುದು ವಿಧಿವಾಕ್ಯ. ವರದಿಯೇ ಬಾರದಿದ್ದರೆ ಅದು ಸೊನ್ನೆಯಲ್ಲ, ಬರೀ ಮೌನ. ಈ ಸೊನ್ನೆಗೆ ಪ್ರಾಮಾಣ್ಯ ಉಂಟೇ? ಕುಮಾರಿಲ ಭಟ್ಟನ ಪಂಥದವರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು: ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಎದುರು ಪಂಥದ ಪ್ರಾಭಾಕರರು ಒಪ್ಪಲಿಲ್ಲ. ಭಾಟ್ಟರೂ ಒಂದು ಷರತ್ತು ಹಾಕಿದ್ದರು: ಗಡಿಗೆ ಇದ್ದಿದ್ದರೆ ಕಣ್ಣಿಗೆ ಬೀಳುವಂತಿರಬೇಕು, ಕತ್ತಲಲ್ಲಿ ಕಾಣದ್ದು ಲೆಕ್ಕಕ್ಕಿಲ್ಲ. ಲ್ಯಾಬ್ ಟೆಕ್ನೀಷಿಯನ್ ಹುದ್ದೆ ಖಾಲಿ ಬಿದ್ದಿರುವ ಕೇಂದ್ರದಿಂದ ‘ಮಲೇರಿಯಾ: 0’ ಎಂದು ಬಂದಾಗ ಎತ್ತಬೇಕಾದ ಆಕ್ಷೇಪ ಇದೇ. 2021ರ ಏಪ್ರಿಲ್‌ನಲ್ಲಿ ಹೊಸ ಆನ್‌ಲೈನ್ ಪೋರ್ಟಲ್ ಬಂದ ಮೇಲೆ ಕತ್ತಲ ಸೊನ್ನೆಗಳಿಗೂ ವೇಗ ಬಂದಿದೆ.

ದೃಷ್ಟಾಂತಕ್ಕೆ ಸೊರಬ ತಾಲ್ಲೂಕು ಸಾಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳಲ್ಲಿ ಜ್ವರ ಎದ್ದಿತು. ಉಣುಗಿನಿಂದ ಹರಡುವ ಹೊಸ ವೈರಸ್ ಪತ್ತೆಯಾಯಿತು. ಮನುಷ್ಯರ ಕಾಲಂನಲ್ಲಿ ಸೊನ್ನೆ ಇರುವಾಗಲೇ ಮಂಗಗಳು ವರದಿ ಸಲ್ಲಿಸಿಬಿಡಬಹುದು, ಅದೂ ಸಹಿ, ಮೊಹರಿಲ್ಲದೆ. ಸತ್ತ ಮಂಗ ಕಂಡರೆ ತಿಳಿಸಿ ಎಂದು ಇಲಾಖೆ ಮಲೆನಾಡಿನಲ್ಲಿ ಇಂದಿಗೂ ಕೇಳಿಕೊಳ್ಳುವುದು ಇದಕ್ಕೇ.

ಪಠ್ಯಪುಸ್ತಕದ ಜಗತ್ತು ಇಷ್ಟು ಕ್ರೂರವಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಕೌಂಟಿಯ ಚರ್ಚ್ ಭೋಜನದ ಬಗ್ಗೆ 75 ಜನರನ್ನು ವಿಚಾರಿಸಲಾಗಿ 46 ಮಂದಿಗೆ ಹೊಟ್ಟೆ ಕೆಟ್ಟಿತ್ತು. ವೆನಿಲಾ ಐಸ್‌ಕ್ರೀಮ್ ತಿಂದ 54 ಜನರಲ್ಲಿ 43 ಮಂದಿ ಮಲಗಿದ್ದರು, ತಿನ್ನದ 21ರಲ್ಲಿ ಮೂವರು ಮಾತ್ರ. ಲೋಕದ ಎಷ್ಟೋ ಶಿಷ್ಯರು ಇದೇ ಲೆಕ್ಕ ಬಿಡಿಸಿ ತಜ್ಞರಾಗಿದ್ದಾರೆ. ಅದೇ ಉತ್ಸಾಹದಲ್ಲಿ ಮದುವೆ ಮನೆಗೆ ಹೋಗಿ “ಏನೇನು ತಿಂದಿರಿ?” ಎಂದರೆ “ಎಲೆಗೆ ಬಡಿಸಿದ್ದೆಲ್ಲ” ಎಂಬ ಉತ್ತರ. ಪಂಕ್ತಿಭೋಜನದಲ್ಲಿ ಪಾಯಸ ಬೇಡವೆಂದವರು ಎಲ್ಲಿಯವರು? ತಿನ್ನದವರ ಸಾಲಿನಲ್ಲಿ ಸೊನ್ನೆ. ಸೊನ್ನೆಯಿಂದ ಭಾಗಿಸುವುದು ಗಣಿತದಲ್ಲಿ ನಿಷಿದ್ಧ. ಪಾತ್ರೆಗಳೋ, ತೊಳೆಸಿಕೊಂಡು ಶಾಮಿಯಾನದವನ ಗಾಡಿ ಹತ್ತಿರುತ್ತವೆ.

ಹೀಗಿದ್ದೂ ಪರಿಶೀಲನಾ ಸಭೆಗಳಲ್ಲಿ ಷರತ್ತಿಲ್ಲದ ಭಾಟ್ಟಮತಕ್ಕೇ ಮನ್ನಣೆ. ಸೊನ್ನೆ ಕಳಿಸಿದ ತಾಲ್ಲೂಕಿಗೆ ಶಹಬ್ಬಾಸ್‌ಗಿರಿ, ಮನೆಮನೆ ತಿರುಗಿ ರಕ್ತದ ಮಾದರಿ ತಂದ ತಾಲ್ಲೂಕಿಗೆ, “ನಿಮ್ಮಲ್ಲೇ ಯಾಕ್ರೀ ಇಷ್ಟು ಕೇಸು?” “ಹುಡುಕಿದ್ವಿ ಸರ್, ಸಿಕ್ಕಿದ್ವು” ಎಂದರೆ, ಸಮಜಾಯಿಷಿ ಲಿಖಿತವಾಗಿ ಬರಲಿ ಎಂದು ಅಪ್ಪಣೆಯಾಗುತ್ತದೆ.