ಕನೆಕ್ಷನ್ ಮಾವ

ನಮ್ಮ ಕಡೆ ಕನೆಕ್ಷನ್ ಅಂದರೆ ಮೂರು ಥರ. ಕರೆಂಟಿನದು, ಗ್ಯಾಸಿನದು, ತಾಲ್ಲೂಕು ಕಚೇರಿಯಲ್ಲಿ ಗುರುತಿನವರಿದ್ದರೆ ಅದು. ಮಾವನದು ನಾಲ್ಕನೆಯದು. ಅವರು ವಿಮಾನಕ್ಕೆ ವಿಮಾನ ಗಂಟು ಹಾಕುತ್ತಾರೆ. ಒಂದೇ ಕಂಪನಿ, ಒಂದೇ ಟಿಕೆಟ್ಟು, ಬೆಂಗಳೂರಲ್ಲಿ ಕೊಟ್ಟ ಪೆಟ್ಟಿಗೆ ಅಮೆರಿಕದಲ್ಲಿ ಕೈಗೆ ಬರುವುದು, ಇದನ್ನೆಲ್ಲ ಅವರು ಪ್ರಯಾಣವೆಂದೇ ಒಪ್ಪುವುದಿಲ್ಲ. ಅದಕ್ಕೆ ಅವರಿಟ್ಟ ಹೆಸರು ಪಾರ್ಸೆಲ್.

ವಿರಾಜಪೇಟೆಗೆ ಇವರೊಬ್ಬರೇ ಎಂದುಕೊಳ್ಳಬೇಡಿ. ಗೋಣಿಕೊಪ್ಪದಲ್ಲಿದ್ದಾರೆ, ಪೊನ್ನಂಪೇಟೆಯಲ್ಲಿದ್ದಾರೆ, ಮಡಿಕೇರಿಯಲ್ಲಂತೂ ಬೀದಿಗೊಬ್ಬರು. ಮಕ್ಕಳು ಹೊರದೇಶದಲ್ಲಿ, ಹತ್ತು ಹದಿನೈದು ಎಕರೆ ತೋಟ, ಸಂಜೆ ಆರರ ಮೇಲೆ ಕೈಯಲ್ಲಿ ಮೊಬೈಲು. ಮದುವೆಮನೆಯಲ್ಲಿ ಸಿಕ್ಕರೆ ನಿಮ್ಮ ಮಗ ಯಾವ ದೇಶದಲ್ಲಿದ್ದಾನೆ ಎಂದು ಕೇಳುವುದಿಲ್ಲ, "ಟಿಕೆಟ್ಟಿಗೆ ಎಷ್ಟು ಕೊಟ್ರಿ?" ಎನ್ನುತ್ತಾರೆ. ನೀವು ಎಷ್ಟೇ ಹೇಳಿ, ಅವರ ಉತ್ತರ "ಛೆ". ಆ ಛೆಯಲ್ಲಿ ಸಾವಿನ ಮನೆಗೆ ಬಂದವರ ಮರುಕ ಇರುತ್ತದೆ.

ಮಾವನ ಲೆಕ್ಕವೆಲ್ಲ ಚೆಕ್‌ರೋಲಿನಲ್ಲಿ. ತೋಟದ ಆಳುಗಳ ಹಾಜರಿ ಬರೆಯುವ ಉದ್ದನೆಯ ಪುಸ್ತಕ ಅದು. ಎಡಗಡೆ ಹೆಸರು, ಬಲಗಡೆ ತಿಂಗಳ 31 ಮನೆ. ಅದನ್ನು ಬರೆಯುತ್ತಿದ್ದ ರೈಟರ್ ಬಿಟ್ಟುಹೋದ ಮೇಲೆ ಉಳಿದಿದ್ದ ಹಳೇ ಚೆಕ್‌ರೋಲಿನಲ್ಲಿ ಈಗ ಆಳುಗಳ ಜಾಗದಲ್ಲಿ ಅಬುಧಾಬಿ, ಶಾರ್ಜಾ, ದೋಹಾ, ಮಸ್ಕತ್ ಸಾಲಾಗಿ ನಿಂತಿವೆ. ದಿನಾ ಸಂಜೆ ಮಾವ ಅವುಗಳ ಹಾಜರಿ ಹಾಕುತ್ತಾರೆ. ದರ ಇಳಿದರೆ ಪೂರ್ತಿ ಆಳು, ಇದ್ದಷ್ಟೇ ಇದ್ದರೆ ಅರ್ಧ ಆಳು, ಏರಿದರೆ ಗೈರು. "ಮಸ್ಕತ್ ಈ ವಾರ ಕೆಲಸಕ್ಕೇ ಬಂದಿಲ್ಲ ನೋಡು" ಎಂದು ನನ್ನ ಹತ್ತಿರ ದೂರು ಬೇರೆ.

ದರವನ್ನು ಅವರು ರೂಪಾಯಿಯಲ್ಲಿ ಹೇಳುವುದೂ ಇಲ್ಲ. ಚೀಲದಲ್ಲಿ ಹೇಳುತ್ತಾರೆ. ರೋಬಸ್ಟಾ ಚೆರ್ರಿ, 50 ಕಿಲೋ ಚೀಲ. ಚೀಲಕ್ಕೆ 3,500 ಸಿಕ್ಕರೆ ಹೆಚ್ಚು ಎನ್ನುವ ಕಾಲದಲ್ಲಿ ಅಮೆರಿಕದ ಟಿಕೆಟ್ಟು ಎಂದರೆ ಇಪ್ಪತ್ತೆಂಟು ಮೂವತ್ತು ಚೀಲ. ಆಗ ಮಾವನ ಜಿಪುಣತನಕ್ಕೆ ಅರ್ಥ ಇತ್ತು. 2025ರ ಆರಂಭದ ಹೊತ್ತಿಗೆ ಚೀಲ 10,000 ದಾಟಿತ್ತು, ಟಿಕೆಟ್ಟು ಹತ್ತು ಚೀಲದ ಆಸುಪಾಸಿಗೆ ಬಂತು. ಇನ್ನಾದರೂ ಬೆಂಗಳೂರಿಂದ ನೆಟ್ಟಗೆ ಹೋಗಬಹುದಲ್ಲ ಎಂದು ಅತ್ತೆ ಆಸೆಪಟ್ಟರು. ಮಾವ ಕನ್ನಡಕ ಒರೆಸಿಕೊಂಡು, "ಬೆಲೆ ಬಂತು ಅಂತ ಕಾಫಿ ನೆಲಕ್ಕೆ ಚೆಲ್ತೀವಾ?" ಎಂದರು.

ಈ ಕಾಯಿಲೆ ಹುಟ್ಟಿದ ಜಾಗವೂ ಗೊತ್ತಿದೆ: ಮಟ್ಟನ್ನೂರು. 2018ರ ಡಿಸೆಂಬರ್ 9ರಂದು ಅಲ್ಲಿ ಕಣ್ಣೂರು ವಿಮಾನನಿಲ್ದಾಣ ಶುರುವಾಯಿತು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ಮೇಲೆ ಹೋದರೆ ಸುಮಾರು 60 ಕಿಲೋಮೀಟರು. ಬೆಂಗಳೂರಿನ ನಿಲ್ದಾಣ 280ರ ಹತ್ತಿರ. ನಿಲ್ದಾಣ ಕಟ್ಟಿದ ಗುಡ್ಡದ ಹೆಸರು ಮೂರ್ಖನ್ ಪರಂಬ. ಮಲಯಾಳದಲ್ಲಿ ಮೂರ್ಖನ್ ಎಂದರೆ ನಾಗರಹಾವು. ಅತ್ತೆ ಕನ್ನಡದ ಅರ್ಥವನ್ನೇ ಇಟ್ಟುಕೊಂಡಿದ್ದಾರೆ.

ಆದರೆ ಕಣ್ಣೂರಿಗೆ ವಿದೇಶಿ ಕಂಪನಿಗಳ ಮಾಮೂಲಿ ವಿಮಾನ ಬರುವಂತಿಲ್ಲ. ಅದಕ್ಕೆ 'ಪಾಯಿಂಟ್ ಆಫ್ ಕಾಲ್' ಎಂಬ ಅನುಮತಿ ಬೇಕು, ಕೇರಳದವರು ಮೊದಲಿನಿಂದ ಕೇಳುತ್ತಿದ್ದರೂ ಕೇಂದ್ರ ಕೊಟ್ಟಿಲ್ಲ. ನಮ್ಮ ದೇಶದ ಕಂಪನಿಗಳು ಕೊಲ್ಲಿಯ ಊರುಗಳಿಗೆ ಹಾರುತ್ತವೆ, ಅಲ್ಲಿಗೆ ನಿಂತಿತು. ಮುಂದಿನ ದಾರಿಗೆ ಬೇರೆ ಕಂಪನಿ, ಬೇರೆ ಟಿಕೆಟ್ಟು. ಉಳಿದವರಿಗೆ ಇದು ಕಣ್ಣೂರಿನ ಕೊರತೆ. ಮಾವನಿಗೆ ಅದೇ ಬಾಗಿಲು.

ಬೇರೆ ಬೇರೆ ಟಿಕೆಟ್ಟಿನ ಅಪಾಯ ಅವರಿಗೆ ಗೊತ್ತಿಲ್ಲವೆಂದಲ್ಲ. ನನಗೆ ಅದನ್ನು ವಿವರಿಸಿದ್ದು ಅವರೇ, ಅದೂ ಕೊಡವ ಮದುವೆಯ ಭಾಷೆಯಲ್ಲಿ: ಅರುವ ಎಂದರೆ ಮದುವೆಗೆ ಜವಾಬ್ದಾರನಾಗಿ ನಿಲ್ಲುವವನು, ಒಕ್ಕ ಎಂದರೆ ಮನೆತನ. "ಒಂದೇ ಪಿಎನ್‌ಆರ್ ಅಂದ್ರೆ ಅರುವ ನಿಂತು ಮಾಡಿಸಿದ ಮದುವೆ ಮೋನೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅರುವನನ್ನ ಹಿಡಿದು ಕೇಳಬಹುದು. ಮೊದಲ ವಿಮಾನ ತಡ ಆಯ್ತಾ, ಮುಂದಿನದಕ್ಕೆ ಅವರೇ ಹತ್ತಿಸ್ಬೇಕು. ಎರಡು ಪಿಎನ್‌ಆರ್ ಅಂದ್ರೆ ರಿಜಿಸ್ಟ್ರಾರ್ ಆಫೀಸು. ಆ ಒಕ್ಕಕ್ಕೂ ಈ ಒಕ್ಕಕ್ಕೂ ಪರಿಚಯವೇ ಇಲ್ಲ." ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಯ ಪುಸ್ತಕದಲ್ಲಿ ನೀವು ಬಾರದವರು, ನೋ-ಶೋ. ಹಾಗೆ ಬರೆದುಬಿಟ್ಟರೆ ಅದೇ ಟಿಕೆಟ್ಟಿನ ವಾಪಸು ಪ್ರಯಾಣವೂ ರದ್ದಾಗಬಹುದು. ಪೆಟ್ಟಿಗೆಯನ್ನು ಅವರು ದಾಟಿಸುವುದಿಲ್ಲ. ನಡುವಿನ ದೇಶದಲ್ಲಿ ಇಮಿಗ್ರೇಷನ್ ದಾಟಿ ಹೊರಬಂದು, ಪೆಟ್ಟಿಗೆ ಎತ್ತಿಕೊಂಡು, ಮತ್ತೆ ಸಾಲಿನ ಬಾಲಕ್ಕೆ ನಿಲ್ಲಬೇಕು. ಹೊರಬರಲು ಆ ದೇಶದ ವೀಸಾ ಬೇಕು. ಮಾವ ಅದನ್ನೂ ನೋಡಿಟ್ಟಿದ್ದಾರೆ. ಅಮೆರಿಕದ ವೀಸಾ ಆರು ತಿಂಗಳಿಗಿಂತ ಹೆಚ್ಚು ಬಾಕಿ ಇರುವ ಭಾರತೀಯರಿಗೆ ಯುಎಇಯಲ್ಲಿ ಇಳಿದಲ್ಲೇ 14 ದಿನದ ವೀಸಾ ಸಿಗುತ್ತದೆ, ದುಡ್ಡು ಕಟ್ಟಬೇಕು ಅಷ್ಟೆ.

ಎರಡು ವಿಮಾನಗಳ ನಡುವಿನ ಹೊತ್ತಿಗೆ ಅವರು ಬಳಸುವ ಪದ ನೆರಳು. ಕಾಫಿಗೆ ನೆರಳು ಹೇಗೋ ಹಾಗೆ. ಹೆಚ್ಚಾದರೆ ಫಸಲಿಲ್ಲ, ಕಡಿಮೆಯಾದರೆ ಗಿಡವೇ ಇಲ್ಲ.

ನಿಜ ಹೇಳಬೇಕೆಂದರೆ ಮಾವನನ್ನು ನಾನು ಪೂರ್ತಿ ಗೇಲಿ ಮಾಡಲಾರೆ. ಕೊಡಗಿನಲ್ಲಿ ಹುಟ್ಟಿದವನ ಯಾವ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಆಗಿದೆ? ಜಿಲ್ಲೆಯಲ್ಲಿ ಒಂದು ಗೇಣು ರೈಲುಹಳಿ ಇಲ್ಲ. ಕುಶಾಲನಗರದ ರೈಲು ನಾನು ಹುಡುಗನಾಗಿದ್ದಾಗಿನಿಂದ ಸರ್ವೆಯಲ್ಲೇ ಓಡುತ್ತಿದೆ. ಮಾವನ ಅಪ್ಪ ಪೇಟೆಗೆ ಹೊರಟರೆ ತೋಟದ ಗೇಟಿಗೆ ಬರುವ ಪ್ರೈವೇಟ್ ಬಸ್ಸು, ಗೋಣಿಕೊಪ್ಪದಲ್ಲಿ ಮೈಸೂರಿನ ಬಸ್ಸು, ಮೈಸೂರಲ್ಲಿ ರಾತ್ರಿಯ ರೈಲು. ಪ್ರೈವೇಟ್ ಬಸ್ಸಿನವನು ದಾರಿಯಲ್ಲಿ ಹಾಲಿನ ಕ್ಯಾನಿಗೆ ನಿಲ್ಲಿಸಿದರೆ ಮೈಸೂರಿನ ಬಸ್ಸು ಕಾಯುತ್ತಿತ್ತೇ? ಅಜ್ಜ ಗೋಣಿಕೊಪ್ಪದ ಸ್ಟ್ಯಾಂಡಿನಲ್ಲಿ ಎರಡು ಗಂಟೆ ನೆರಳು ಇಟ್ಟುಕೊಂಡು, ಕಾಫಿ ಕುಡಿದು, ಮೂರು ಮದುವೆ ಮಾತಾಡಿ ಮುಗಿಸುತ್ತಿದ್ದರಂತೆ. ಅದಕ್ಕೂ ಹಿಂದೆ ಕೊಡಗಿನ ಕಾಫಿ ಎತ್ತಿನ ಗಾಡಿಯಲ್ಲಿ ಘಾಟಿ ಇಳಿದು ತಲಚೇರಿಯಲ್ಲಿ ಹಡಗು ಹತ್ತುತ್ತಿತ್ತು. "ಗಾಡಿಯವನಿಗೂ ಹಡಗಿನವನಿಗೂ ಒಂದೇ ಪಿಎನ್‌ಆರ್ ಇತ್ತಾ?" ಮಾವನ ಈ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕಳೆದ ಜೂನ್‌ನಲ್ಲಿ ಶಿಕಾಗೋದಲ್ಲಿ ಮಗಳ ಹೆರಿಗೆ. ಜೂನ್ ಎಂದರೆ ಮಾಕುಟ್ಟದಲ್ಲಿ ಯಾವ ಮರ ಯಾವಾಗ ಅಡ್ಡ ಬೀಳುತ್ತದೋ ತಿಳಿಯದು. 2018ರ ಜೂನ್‌ನಲ್ಲಂತೂ ಘಾಟಿಯೇ ಕುಸಿದು ರಸ್ತೆ ಬಂದ್ ಆಗಿತ್ತು. "ಮಳೆ ಕಳೀಲಿ, ದರವೂ ಇಳಿಯುತ್ತೆ" ಎಂದರು ಮಾವ. "ಮಗು ನಿಮ್ಮ ಚೆಕ್‌ರೋಲ್ ನೋಡ್ಕೊಂಡು ಹುಟ್ಟೋದಿಲ್ಲ" ಎಂದರು ಅತ್ತೆ. ಅಲ್ಲಿಗೆ ತಾರೀಕು ನಿಗದಿಯಾಯಿತು.

ಹಿಂದಿನ ದಿನ ತೂಕದ ಸಮಾರಂಭ. ಕಾಫಿ ಚೀಲ ತೂಗುವ ಯಂತ್ರ ಗೋದಾಮಿನಿಂದ ಜಗಲಿಗೆ ಬಂತು. ಅಮೆರಿಕದ ವಿಮಾನದಲ್ಲಿ ತಲೆಗೆ 23 ಕಿಲೋದ ಎರಡು ಪೆಟ್ಟಿಗೆ, ಕಣ್ಣೂರಿನ ವಿಮಾನದಲ್ಲಿ ಎಲ್ಲ ಸೇರಿ 30 ಕಿಲೋ. ಎರಡರಲ್ಲಿ ಕಡಿಮೆ ಯಾವುದೋ ಅದೇ ನಮ್ಮದು. ಅಂದರೆ ಅತ್ತೆಗೆ 16 ಕಿಲೋ ಖೋತಾ. ಒತ್ತುಮಣೆ ಹೊರಗೆ ಬಂತು. ಕಡಂಬುಟ್ಟಿನ ಅಕ್ಕಿತರಿ ಅರ್ಧವಾಯಿತು. ಏಲಕ್ಕಿ ಹಗುರ ಎಂದು ಉಳಿದುಕೊಂಡಿತು. ಕಾಚಂಪುಳಿಯ ಬಾಟಲಿಯನ್ನು ಮಾತ್ರ ಅತ್ತೆ ಕೈಯಿಂದ ಬಿಡಲಿಲ್ಲ. ಪ್ಲಾಸ್ಟಿಕ್ಕು, ಅದರ ಮೇಲೆ ಹಳೇ ಬನೀನು, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ಕು, ಕೊನೆಗೆ ಮಾವನ ರೇಷ್ಮೆ ಚೇಲೆ ಸುತ್ತಿ ಪೆಟ್ಟಿಗೆಯ ನಟ್ಟನಡುವೆ ಮಲಗಿಸಿದರು. ಎರಡೂ ಪೆಟ್ಟಿಗೆ ಸೇರಿ ಮುಳ್ಳು 29.8ರಲ್ಲಿ ನಿಂತಿತು. "ನೋಡಿದ್ಯಾ?" ಎಂದು ಮಾವ ನನ್ನ ಕಡೆ ನೋಡಿದ ನೋಟದಲ್ಲಿ ಹಾಕಿಯಲ್ಲಿ ಗೋಲು ಹೊಡೆದವನ ಗತ್ತಿತ್ತು.

ಮಳೆಗೆ ನೆರಳಾಗಿ ಒಂದು ರಾತ್ರಿ ಮೊದಲೇ ಹೊರಟೆವು. ಜೀಪು ಓಡಿಸಿದವನು ನಾನು. ಮರ ಬಿದ್ದರೆ ಕಡಿಯಲು ಹಿಂದೆ ಕತ್ತಿ, ಹಗ್ಗ, ಒಬ್ಬ ಆಳು. ಪೆರುಂಬಾಡಿಯಿಂದ ಕೆಳಗೆ ಪ್ರತಿ ತಿರುವಿನಲ್ಲೂ ಮಾವ ಮುಂದಕ್ಕೆ ಬಗ್ಗಿ ನೋಡುತ್ತಿದ್ದರು. ಮರ ಬಿದ್ದಿರಲಿಲ್ಲ. ಆನೆ ಇರಲಿಲ್ಲ. ಲಾರಿಯೂ ಸಿಕ್ಕಿಕೊಂಡಿರಲಿಲ್ಲ. ಇರಿಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇನ್ನೂ ಬೆಳಕಿತ್ತು. ಮಾವ ಗಡಿಯಾರ ನೋಡಿಕೊಂಡರು, ಏನೂ ಹೇಳಲಿಲ್ಲ. ಮಟ್ಟನ್ನೂರಿನ ಲಾಡ್ಜಿನಲ್ಲಿ ಅವರನ್ನು ಬಿಟ್ಟು ನಾನು ವಾಪಸು ಬಂದೆ.

ಮುಂದಿನದು ಅತ್ತೆಯ ಬಾಯಿಂದ ಕೇಳಿದ್ದು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತು, ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಇಳಿಯಿತು. ಅಬುಧಾಬಿಯಲ್ಲಿ ವೀಸಾಕ್ಕೆ ಸಾಲೇ ಇರಲಿಲ್ಲ. ಪೆಟ್ಟಿಗೆಗಳು ಇವರಿಗಿಂತ ಮೊದಲು ಬಂದು ಬೆಲ್ಟಿನ ಮೇಲೆ ತಿರುಗುತ್ತಿದ್ದವು. ಟರ್ಮಿನಲ್ ಬದಲಿಸಬೇಕೇನೋ ಎಂದರೆ 2023ರ ನವೆಂಬರ್‌ನಿಂದ ಅಲ್ಲಿ ಎಲ್ಲರಿಗೂ ಒಂದೇ ಹೊಸ ಟರ್ಮಿನಲ್. ಮಾವ ಹನ್ನೊಂದು ಗಂಟೆ ನೆರಳು ಇಟ್ಟಿದ್ದರು. ಒಂದೂಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಉಳಿದ ಹೊತ್ತು ಅತ್ತೆ ಬೆಂಚಿನ ಮೇಲೆ ಕಾಫಿಪುಡಿಯ ಚೀಲಕ್ಕೆ ತಲೆ ಕೊಟ್ಟು ನಿದ್ದೆ ಹೋದರು. ಮಾವ ಬೋರ್ಡಿನ ಕೆಳಗೆ ನಿಂತು ಯಾರ ಯಾರ ವಿಮಾನ ತಡವಾಗಿದೆ ಎಂದು ಓದುತ್ತಿದ್ದರು.

ಒಂದೇ ಒಂದು ಘಟನೆ ನಡೆದದ್ದು ಅಮೆರಿಕದವರ ಕೌಂಟರಿನಲ್ಲಿ. 2014ರಿಂದ ಅಬುಧಾಬಿಯಲ್ಲೇ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಕಳಿಸುವ ವ್ಯವಸ್ಥೆ ಇದೆ. ಅಮೆರಿಕದಲ್ಲಿ ಇಳಿದಾಗ ಸುಮ್ಮನೆ ಹೊರಗೆ ನಡೆದರಾಯಿತು. ತಿನ್ನುವ ಪದಾರ್ಥ ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದರಂತೆ. ಮಾವ ಸುಳ್ಳು ಹೇಳುವವರಲ್ಲ.

"ಕಾಚಂಪುಳಿ."

"ಅಂದರೆ?"

"ಹಣ್ಣಿನ ಹುಳಿ. ಕಪ್ಪಗಿರುತ್ತೆ."

"ಯಾಕೆ?"

"ಹಂದಿಗೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಮಾಂಸ ಒಯ್ಯುವಂತಿಲ್ಲ. "ಹಂದಿ ಎಲ್ಲಿದೆ?"

"ಹಂದಿ ಶಿಕಾಗೋದಲ್ಲಿದೆ" ಎಂದರು ಮಾವ. ಹಿಂದೆ ನಿಂತಿದ್ದ ಅತ್ತೆ, "ಅಳಿಯ ತಂದಿಟ್ಟಿದ್ದಾರೆ" ಎಂದು ಸೇರಿಸಿದರು. ಅಧಿಕಾರಿ ಇಬ್ಬರ ಮುಖವನ್ನೂ ನೋಡಿ, ಇನ್ನೇನನ್ನೂ ಕೇಳದೆ ಠಸ್ಸೆ ಒತ್ತಿದರು.

ಇಬ್ಬರಿಗೂ ಸೇರಿ ಉಳಿದದ್ದು 38,000 ರೂಪಾಯಿ ಎಂದು ಚೆಕ್‌ರೋಲಿನಲ್ಲಿದೆ. ಲಾಡ್ಜು, ವೀಸಾ, ಹನ್ನೊಂದು ಗಂಟೆಯ ಕಾಫಿ ತಿಂಡಿ, ನನ್ನ ಜೀಪಿನ ಡೀಸೆಲ್ ಅದರಲ್ಲಿ ಕಳೆದಿಲ್ಲ. ತೋಟದ ಲೆಕ್ಕದಲ್ಲಿ ಯಜಮಾನನ ಕೂಲಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಆದರೆ ವಾಪಸು ಬಂದ ಮೇಲೆ ಮಾವ ಸ್ವಲ್ಪ ಮಂಕಾಗಿದ್ದರು. ಕಾರಣ ನನಗೆ ಹೊಳೆದದ್ದು ಪುತ್ತರಿ ಹಬ್ಬ ಕಳೆದ ಮೇಲೆ, ಒಂದು ಮದುವೆಮನೆಯಲ್ಲಿ. ಮಡಿಕೇರಿಯ ಒಬ್ಬರು ತಾವು ವಿಮಾನ ತಪ್ಪಿಸಿಕೊಂಡ ಕಥೆ ಹೇಳುತ್ತಿದ್ದರು. ಮೊದಲ ವಿಮಾನ ನಾಲ್ಕು ಗಂಟೆ ತಡ, ಪೆಟ್ಟಿಗೆ ಇನ್ನೆಲ್ಲೋ, ಎರಡನೆಯ ಟಿಕೆಟ್ಟು ಹೋಯಿತು, ಕೊನೆಗೆ ಯಾವುದೋ ಊರಿನ ನೆಲದ ಮೇಲೆ ಕೋಟು ಹಾಸಿ ಮಲಗಿದರು. ಸುತ್ತ ಹದಿನೈದು ಜನ ಗ್ಲಾಸು ಹಿಡಿದು ಬಾಯಿಬಿಟ್ಟು ಕೇಳುತ್ತಿದ್ದರು. ಮಾವ ತಮ್ಮ ಅಬುಧಾಬಿಯನ್ನು ಶುರುಮಾಡಿದರು. ಎಲ್ಲ ಸರಿಯಾಗಿ ನಡೆಯಿತು ಎಂಬಲ್ಲಿಗೆ ಬರುವಷ್ಟರಲ್ಲಿ ಕೇಳುವವರು ಊಟಕ್ಕೆ ಎದ್ದಿದ್ದರು.

ಮರುದಿನವೇ ಹೊಸ ಪುಟ ತೆರೆದರು. ಮೊಮ್ಮಗುವಿನ ಮೊದಲ ಹುಟ್ಟುಹಬ್ಬ. "ಹೋದ ಸಲ ನೆರಳು ಜಾಸ್ತಿ ಆಯ್ತು ಮೋನೆ. ಈ ಸಲ ಕಪಾತು ಮಾಡೋಣ. ಮೂರೂವರೆ ಗಂಟೆ ಸಾಕು."

ಅತ್ತೆ ಕಣದಲ್ಲಿ ಒಣಗಿದ ಮೆಣಸು ಕೇರುತ್ತಿದ್ದರು. ಮೊರ ನಿಲ್ಲಿಸದೆ ಹೇಳಿದರು: "ನೀವು ಎಷ್ಟು ಬೇಕಾದ್ರೂ ಕಪಾತು ಮಾಡ್ಕೊಳ್ಳಿ. ನನ್ನ ಟಿಕೆಟ್ ಮಗಳು ಬೆಂಗಳೂರಿಂದ ತೆಗ್ದಿದ್ದಾಳೆ. ಒಂದೇ ಪಿಎನ್‌ಆರ್. 46 ಕಿಲೋ."

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಮೆಣಸಿನ ಹೊಟ್ಟು ಹಾರಿ ಚೆಕ್‌ರೋಲಿನ ಮೇಲೆ ಬೀಳುತ್ತಿತ್ತು. ಆಮೇಲೆ ಪೆನ್ಸಿಲ್ ತೆಗೆದು ಪುಟದ ಕೆಳಗೆ ಇನ್ನೊಂದು ಗೆರೆ ಎಳೆದು ಅತ್ತೆಯ ಹೆಸರು ಬರೆದರು.

"ನಿನ್ನದು ಶಿಕಾಗೋದಲ್ಲಿ ಎಷ್ಟು ಗಂಟೆಗೆ ಇಳಿಯುತ್ತೆ?"

ಅತ್ತೆ ಹೇಳಿದರು. ಮಾವ ತಮ್ಮ ಸಾಲನ್ನೂ ಅವರ ಸಾಲನ್ನೂ ಸೇರಿಸಿ ಒಂದು ಕೊಂಡಿ ಹಾಕಿ, ಬೆರಳೆಣಿಸಿ, ಮುಖ ಅರಳಿಸಿಕೊಂಡು ನನ್ನ ಕಡೆ ತಿರುಗಿದರು.

"ಎರಡು ಗಂಟೆ ಐವತ್ತು ನಿಮಿಷ. ಸಿಗ್ತಾಳೆ."