ಟ್ರ್ಯಾಕ್ ಬಂದ್ ಮಾಡಿ, ನೀವೇ ನುಡಿಸಿ

ಉಡುಪಿ, ಕಾಪು, ಕಾರ್ಕಳ ಕಡೆಯ ಸ್ಯಾಕ್ಸೋಫೋನ್ ಕಲಾವಿದರಿಗೆ,

ಈಚೆಗೆ ಮದುವೆ ಹಾಲ್‌ಗಳಲ್ಲಿ ನಿಮ್ಮ ಪಕ್ಕ ಒಂದು ಸ್ಪೀಕರ್ ಬಂದು ಕೂತಿದೆ. ಪೆನ್‌ಡ್ರೈವ್ ಸಿಕ್ಕಿಸಿದರೆ ವಯಲಿನ್, ಗಿಟಾರ್, ಡ್ರಮ್ಸ್ ಎಲ್ಲ ಅದರಿಂದಲೇ ಬರುತ್ತವೆ. ನಿಮಗೆ ಉಳಿಯುವುದು ಹಾಡುಗಾರರ ಸಾಲು ಮಾತ್ರ. ಹಾಡು ಭರ್ತಿಯಾಗಿ ಕೇಳಬೇಕೆಂದು ಮದುವೆ ಮನೆಯವರೇ ಈ ಟ್ರ್ಯಾಕ್ ಹಾಕಿಸುತ್ತಾರೆ, ಗೊತ್ತು. ಆದರೂ ಅದು ಬೇಡ ಎಂದು ಕೇಳಿಕೊಳ್ಳಲು ಈ ಪತ್ರ.

‘ಗೀತಾ’ (1981) ಚಿತ್ರಕ್ಕೆ ಇಳಯರಾಜ ಸಂಗೀತ ಕೊಟ್ಟ, ಎಸ್‌ಪಿಬಿ ಮತ್ತು ಎಸ್. ಜಾನಕಿ ಹಾಡಿದ ಜೋಡಿಹಾಡನ್ನು ಹಿರಿಯ ವಾದಕರೊಬ್ಬರು ಬರೀ ಡೋಲಿನ ಜೊತೆ ನುಡಿಸಿದ್ದನ್ನು ಕಾರ್ಕಳದಲ್ಲಿ ಕೇಳಿದ್ದೇನೆ. ಗಂಡು ದನಿಗೆ ಕೆಳಗಿನ ಸ್ಥಾಯಿ, ಹೆಣ್ಣು ದನಿಗೆ ಮೇಲಿನದು. ಸಾಲುಗಳ ನಡುವಿನ ಬಿಜಿಎಂ ಬಂದಾಗ ವಾದ್ಯಗಳ ಗುಂಪಿನಲ್ಲಿ ಎದ್ದು ಕೇಳುವ ಒಂದೇ ಎಳೆ ಹಿಡಿದರು. ಬೇಸ್‌ನ ಪೆಟ್ಟನ್ನು ಡೋಲಿಗೆ ಬಿಟ್ಟರು. ದನಿ ಎಳೆದು ನಿಲ್ಲುವ ಕಡೆ ಅದನ್ನು ಅರ್ಧಕ್ಕೆ ಬಿಟ್ಟು, ಹಿಮ್ಮೇಳದ ಸಣ್ಣ ತುಣುಕೊಂದನ್ನು ಸೇರಿಸಿ, ಅದರ ಕೊನೆಗೆ ಉಸಿರು ತೆಗೆದುಕೊಂಡರು. ಏನೂ ಕಮ್ಮಿ ಅನ್ನಿಸಲಿಲ್ಲ.

ನಿಮ್ಮ ವಾದ್ಯದಲ್ಲಿ ಒಂದು ಹೊತ್ತಿಗೆ ಹೊರಡುವುದು ಒಂದೇ ಸ್ವರ, ಹರವು ಸುಮಾರು ಎರಡೂವರೆ ಸ್ಥಾಯಿ. ಮಣಿಪಾಲದ ಹಾಸ್ಟೆಲಿನಲ್ಲಿ ಗಿಟಾರ್ ಹಿಡಿದು ಕೂರುವ ಹುಡುಗರಿಗೆ ಹೆಬ್ಬೆರಳಲ್ಲಿ ಬೇಸ್, ಉಳಿದ ಬೆರಳಲ್ಲಿ ಹಾಡು ನುಡಿಸುವ ಅನುಕೂಲವಿದೆ, ನಿಮಗಿಲ್ಲ. ಯಾವುದನ್ನು ಬಿಡಬೇಕು ಎನ್ನುವುದೇ ನಿಮ್ಮ ವಿದ್ಯೆ. ಟ್ರ್ಯಾಕ್ ಏನನ್ನೂ ಬಿಡದ ಕಾರಣ ನಿಮಗೆ ಯೋಚಿಸಲೂ ಏನೂ ಉಳಿಯುವುದಿಲ್ಲ.

ಟ್ರ್ಯಾಕಿಗೆ ಧಾರೆಯ ಹೊತ್ತೂ ತಿಳಿಯದು. ದಿಬ್ಬಣ ಗೇಟಿನಲ್ಲಿ ತಡವಾದರೆ ನೀವು ಪಲ್ಲವಿಯನ್ನು ಇನ್ನೊಮ್ಮೆ ನುಡಿಸುತ್ತೀರಿ. ಚರಣದ ನಡುವೆ ಪುರೋಹಿತರು ಕೈ ಎತ್ತಿದರೆ ಹಾಡು ಬಿಟ್ಟು ಗಟ್ಟಿಮೇಳಕ್ಕೆ ಹಾರುತ್ತೀರಿ, ಡೋಲಿನವರೂ ಆ ಗಳಿಗೆಗೇ ಕೂಡಿಕೊಳ್ಳುತ್ತಾರೆ. ಪೆನ್‌ಡ್ರೈವ್ ನಿಲ್ಲಿಸಲು ಯಾರಾದರೂ ಓಡಬೇಕು.

ನಿಮ್ಮ ವಾದ್ಯ ಹಿಮ್ಮೇಳದ ಗುಂಪಿಲ್ಲದೆ ನಿಲ್ಲಬಲ್ಲದು ಎಂಬುದು ಹೊಸತೇನಲ್ಲ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕಂಡು ಮನಸೋತರು. ಕೀಲಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕ ತರಲು ವರ್ಷಗಟ್ಟಲೆ ದುಡಿದರು. 1994ರ ‘ಡ್ಯುಯೆಟ್’ ಚಿತ್ರಕ್ಕೆ ಎ.ಆರ್. ರೆಹಮಾನ್ ಕರೆಸಿಕೊಂಡದ್ದು ಇವರನ್ನೇ. ಬ್ಯಾಂಡಿನ ಗುಂಪಿನಲ್ಲಿದ್ದ ವಾದ್ಯ ಒಂಟಿಯಾಗಿ ಕಛೇರಿ ನಡೆಸುವಂತಾದದ್ದು ಆ ದುಡಿಮೆಯಿಂದ.

ಮನೆಯವರು ಟ್ರ್ಯಾಕ್ ಕೇಳಿದರೆ ಮೊದಲು ಒಂದು ಹಾಡನ್ನು ಅದಿಲ್ಲದೆಯೇ ನುಡಿಸಿ ತೋರಿಸಿ. ಕಲಿಯಲು ಬರುವ ಮಕ್ಕಳಿಗೆ ಬಿಜಿಎಂ ಕೂಡ ಬಾಯಿಪಾಠ ಮಾಡಿಸಿ, ಅದರಲ್ಲಿ ಏನು ಇಟ್ಟುಕೊಳ್ಳಬೇಕೆಂದು ಅವರನ್ನೇ ಕೇಳಿ. ಮದುವೆ ಮಾಡಿಸುವವರಿಗೂ ಒಂದು ಮಾತು: ಸ್ಪೀಕರಿನ ಬಾಡಿಗೆ ದುಡ್ಡಿನಲ್ಲಿ ಇನ್ನೊಬ್ಬ ಡೋಲಿನವರನ್ನು ಕರೆಸಿ.

ಇಂತಿ,
ನಿಮ್ಮ ಕೇಳುಗ