ಒಂದಿಂಚು ಜಾಸ್ತಿ ಹಾಕ್ಸೋಣ ಸಾರ್

ಮೂವತ್ತು-ನಲವತ್ತರ ಸೈಟು ಕೊಂಡವರು ಲೋಕಕ್ಕೆ ಕೇಳುವ ಪ್ರಶ್ನೆ ಒಂದೇ: ‘ಚದರಕ್ಕೆ ಎಷ್ಟು?’ ಪಾಯ ಎಂಥ ಮಣ್ಣಿನ ಮೇಲೆ ಕೂರುತ್ತದೆ, ಕಂಬಿ ಯಾವ ಗಾತ್ರದ್ದು, ಕಾಂಕ್ರೀಟು ಯಾವ ಗ್ರೇಡಿನದು ಎಂಬುದೆಲ್ಲ ಎಂಜಿನಿಯರರ ತಲೆನೋವು. ಎಂಜಿನಿಯರರನ್ನು ಹಿಡಿಯುವುದು ದುಂದುವೆಚ್ಚ. ಹೀಗಾಗಿ ಕಂಟ್ರಾಕ್ಟರ್ ಸಾಹೇಬರೇ ಗತಿ. ಅವರು ನಿಮ್ಮ ಕಾರು, ಕೈಗಡಿಯಾರ, ಮನೆಯಾಕೆಯ ಮುಖಭಾವ ಮೂರನ್ನೂ ಒಂದೇ ನೋಟಕ್ಕೆ ಅಳೆದು ಒಂದು ಅಂಕಿ ಉಸುರುತ್ತಾರೆ. ನೀವು ಪಕ್ಕದ ಬೀದಿಯ ಇನ್ನೊಬ್ಬರ ಅಂಕಿ ಹೇಳುತ್ತೀರಿ. ಅವರು ನಕ್ಕು ಚದರಡಿಗೆ ಐವತ್ತು ರೂಪಾಯಿ ಇಳಿಸುತ್ತಾರೆ. ಗೆದ್ದಿರಿ. ಆ ಅಂಕಿಯ ಹೊಟ್ಟೆಯಲ್ಲಿ ಏನೇನಿದೆ ಎಂದು ಕೇಳುವುದು ಗೆದ್ದವರಿಗೆ ಶೋಭಿಸುವುದಿಲ್ಲ.

ಒಂದು ಚದರವೆಂದರೆ 100 ಚದರಡಿ ಎಂದು ಮಗ್ಗಿ ಕಲಿತವರು ನಂಬಿದ್ದಾರೆ. ದರ ಹೇಳುವ ದಿನ ಚದರದೊಳಗೆ ಇಡೀ ಮನೆ ಇರುತ್ತದೆ. ಬಿಲ್ಲು ಬರೆಯುವ ದಿನ ಸಂಪು, ಓವರ್‌ಹೆಡ್ ಟ್ಯಾಂಕು, ಕಾಂಪೌಂಡು ಒಂದೊಂದೇ ಆಚೆ ಬಿದ್ದು ‘ಎಕ್ಸ್‌ಟ್ರಾ’ ಎಂಬ ಹೊಸ ಗೋತ್ರ ಸೇರುತ್ತವೆ. ಅದೇ ಹೊತ್ತಿಗೆ ಸಜ್ಜಾ, ಪೋರ್ಟಿಕೊ, ಬೀದಿಯ ಮೇಲೆ ಕತ್ತು ಚಾಚಿದ ಬಾಲ್ಕನಿ ಸದ್ದಿಲ್ಲದೆ ಒಳಗೆ ಬಂದು ಕೂರುತ್ತವೆ. ಮೆಟ್ಟಿಲು ಕೆಳಗಿನ ಮನೆಗೂ ಸಲ್ಲುತ್ತದೆ, ಮೇಲಿನ ಮನೆಗೂ ಸಲ್ಲುತ್ತದೆ. ಅಗ್ರಿಮೆಂಟು ತೆಗೆದು ನೋಡೋಣವೆಂದರೆ ಅದರಲ್ಲಿರುವುದು ಮೂರೇ ಸಾಲು: ‘ಬ್ರಾಂಡೆಡ್ ಸಿಮೆಂಟ್, ಒಳ್ಳೆ ಕಂಬಿ, ಸ್ಟ್ಯಾಂಡರ್ಡ್ ಫಿಟಿಂಗ್ಸ್’.

ಮೋಲ್ಡ್ ಹಾಕುವ ವಾರ ಬಂತೆನ್ನಿ. ಸಾಹೇಬರು ನಿಮ್ಮನ್ನು ಪಕ್ಕಕ್ಕೆ ಕರೆದು ಆಪ್ತರ ದನಿಯಲ್ಲಿ ಹೇಳುತ್ತಾರೆ: ‘ಡ್ರಾಯಿಂಗಲ್ಲಿ ಐದಿಂಚು ಅಂತಿದೆ. ಒಂದಿಂಚು ಜಾಸ್ತಿ ಹಾಕ್ಸೋಣ ಸಾರ್, ನಾಳೆ ಮೇಲೆ ಇನ್ನೊಂದು ಫ್ಲೋರ್ ಏರ್ಸೋಕೂ ಆಗುತ್ತೆ.’ ನಿಮ್ಮ ಕಣ್ಣು ತುಂಬಿ ಬರುತ್ತದೆ. ಈಗ ಲೆಕ್ಕ. ಹತ್ತು ಚದರದ ತಾರಸಿಗೆ ಐದಿಂಚಿನಲ್ಲಿ 11.8 ಘನ ಮೀಟರ್ ಕಾಂಕ್ರೀಟು ಬೇಕು. ಹೆಚ್ಚಿನ ಒಂದಿಂಚಿಗೆ ಇನ್ನೂ 2.36 ಘನ ಮೀಟರ್, ಅಂದರೆ ಎಂ20 ಗ್ರೇಡಿಗೆ ಸುಮಾರು 19 ಚೀಲ ಸಿಮೆಂಟು. ಆ ಒಂದಿಂಚು ಕಾಂಕ್ರೀಟಿನ ತೂಕ ಸುಮಾರು 5,900 ಕೆಜಿ. ಮೈಸೂರು ದಸರೆಯ ಆನೆ ಅಭಿಮನ್ಯು 5 ಸಾವಿರ ಕೆಜಿ ದಾಟಿದ್ದಾನೆ, ಚಿನ್ನದ ಅಂಬಾರಿ 750 ಕೆಜಿ. ಮನೆ ಗಟ್ಟಿಯಾಗಲೆಂದು ಅಂಬಾರಿ ಸಮೇತ ಆನೆಯನ್ನು ನೆತ್ತಿಯ ಮೇಲೆ ಕಾಯಂ ನಿಲ್ಲಿಸಿದ್ದೀರಿ, ಅದೂ ಮಾವುತನಿಲ್ಲದೆ. ಕಂಬ, ತೊಲೆ, ಪಾಯಗಳಿಗೆ ಈ ಅತಿಥಿಯ ಆಗಮನದ ಸುದ್ದಿಯೇ ಇರುವುದಿಲ್ಲ. ಮೇಲೆ ಮಹಡಿ ಏರಿಸಬಹುದೋ ಇಲ್ಲವೋ ಎಂಬುದನ್ನು ಹೇಳಬೇಕಾದವು ಅವೇ. ನಿಮ್ಮ ಪುಣ್ಯಕ್ಕೆ ಅನೇಕ ಸಲ ಆ ಇಂಚು ಬಿಲ್ಲಿಗೆ ಮಾತ್ರ ಏರುತ್ತದೆ, ತಾರಸಿಗೆ ಏರುವುದಿಲ್ಲ. ಹಸಿ ಕಾಂಕ್ರೀಟಿಗೆ ಅಳತೆ ಗುರುತು ಮಾಡಿದ ಕಂಬಿ ಚುಚ್ಚಿದರೆ ನಿಜ ಗೊತ್ತಾಗುತ್ತದೆ. ಆದರೆ ಆಗ ನೀವು ಪುರೋಹಿತರ ಪಕ್ಕ ಕಾಯಿ ಹಿಡಿದು ನಿಂತಿರುತ್ತೀರಿ.

ಕಂಬಿಯ ವಿಷಯ ಇನ್ನೂ ಸರಳ. ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ. 12 ಮೀಟರ್ ಉದ್ದದ 8 ಎಂಎಂ ಕಂಬಿ 4.74 ಕೆಜಿ, 12 ಎಂಎಂ ಕಂಬಿ 10.67 ಕೆಜಿ ತೂಗಬೇಕು. ಲಾರಿಯಿಂದ ಇಳಿದ ಕಂಬಿಗಳನ್ನು ಎಣಿಸಿ ಗುಣಿಸುವುದು ಹೈಸ್ಕೂಲು ಹುಡುಗನ ಕೆಲಸ. ಯಜಮಾನರು ಎಣಿಸುತ್ತಾರೆ, ಆದರೆ ಕಂಬಿಯನ್ನಲ್ಲ. ಗಾರೆಯವರು ಬೆಳಿಗ್ಗೆಯಿಂದ ಎಷ್ಟು ಟೀ ಕುಡಿದರು ಎಂಬುದನ್ನು.

ಕಾಂಕ್ರೀಟಿನ ಮಟ್ಟಿಗೆ ಸಾಹೇಬರ ಔದಾರ್ಯ ಬೆಳಗುವುದು ನೀರಿನಲ್ಲಿ. ಸಿಮೆಂಟಿಗೆ ಬಿಲ್ಲಿದೆ, ಜಲ್ಲಿಗೆ ಬಿಲ್ಲಿದೆ, ಎಂ-ಸ್ಯಾಂಡಿಗೂ, ಎಂ-ಸ್ಯಾಂಡಿನ ವೇಷ ಹಾಕಿದ ಕ್ರಷರ್ ಧೂಳಿಗೂ ಬಿಲ್ಲಿದೆ. ಬಿಲ್ಲಿಲ್ಲದ್ದು ನೀರೊಂದೇ. ಐಎಸ್ 456 ಎಂಬ ಸಂಹಿತೆ ಒಂದಕ್ಕೆ ಒಂದೂವರೆ, ಮೂರರ ಎಂ20 ಮಿಶ್ರಣದಲ್ಲಿ 50 ಕೆಜಿ ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬೇಡ ಎನ್ನುತ್ತದೆ. ಮಿಕ್ಸರಿನ ಹುಡುಗನ ಕೈಯಲ್ಲಿರುವುದು ಲೀಟರಲ್ಲ, ಪೈಪು. ತೆಳ್ಳಗಾದಷ್ಟೂ ಕಾಂಕ್ರೀಟು ಸಲೀಸಾಗಿ ಹರಿಯುತ್ತದೆ, ಗ್ಯಾಂಗು ಬೇಗ ಮನೆ ಸೇರುತ್ತದೆ, ವೈಬ್ರೇಟರಿನ ಬಾಡಿಗೆ ಉಳಿಯುತ್ತದೆ. ಮರುದಿನದಿಂದ ಕ್ಯೂರಿಂಗಿಗೆ ನೀರು ಬೇಕಾದಾಗ ಮಾತ್ರ ಅದೇ ಸಾಹೇಬರು ಜಲತಜ್ಞರಾಗುತ್ತಾರೆ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ 10 ದಿನ ಒದ್ದೆ ಇರಬೇಕೆಂಬುದು ನಿಯಮ. ‘ಟ್ಯಾಂಕರ್‌ಗೆ ಎಷ್ಟಾಗಿದೆ ಗೊತ್ತಾ ಸಾರ್? ಮೋಡ ಹಾಕಿದೆ, ಮಳೆ ಬರುತ್ತೆ ಬಿಡಿ.’ ಬೇಡದ ದಿನ ಹೊಳೆ, ಬೇಕಾದ ದಿನ ಬರ.

ಇದೆಲ್ಲ ಬೇಡ, ರೆಡಿಮಿಕ್ಸ್ ತರಿಸುತ್ತೇನೆ ಎನ್ನುವ ಬುದ್ಧಿವಂತರಿದ್ದಾರೆ. ಲೋಡು ತುಂಬಿದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕು ಎಂದು ನಿಯಮ ಬರೆದವರು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿರಲಾರರು. ಅಲ್ಲೇ ಗಟ್ಟಿಯಾಗತೊಡಗಿದ ಮಾಲಿಗೆ ನಿಮ್ಮ ಬಾಗಿಲಲ್ಲಿ ಮತ್ತೆ ಪೈಪಿನ ತೀರ್ಥಪ್ರೋಕ್ಷಣೆಯಾಗುತ್ತದೆ.

ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು? 4.5 ಮೀಟರ್‌ವರೆಗಿನ ಹರವಿಗೆ ಊರುಗೋಲು 7 ದಿನ ಇರಲಿ, ಅದು ಮೀರಿದರೆ 14 ದಿನ. ಅದೂ ಸಾದಾ ಸಿಮೆಂಟಿನ ಮಾತು, ಪಿಪಿಸಿಗೆ ಇನ್ನೂ ತಾಳ್ಮೆ ಬೇಕು ಎನ್ನುತ್ತದೆ ಅದೇ ಸಂಹಿತೆ. ಸಾಹೇಬರ ಪಂಚಾಂಗ ಬೇರೆ. ಶೀಟುಗಳಿಗೆ ಮುಂದಿನ ಸೈಟು ಸಿಕ್ಕಿದ್ದರೆ ಐದನೇ ದಿನವೇ ‘ಈಗಿನ ಸಿಮೆಂಟು ಫಾಸ್ಟು ಸಾರ್’. ಸಿಕ್ಕಿಲ್ಲದಿದ್ದರೆ ಎರಡು ತಿಂಗಳಾದರೂ ‘ಸ್ಟ್ರೆಂತ್ ಬರ್ಲಿ ಸಾರ್, ಅವಸರ ಯಾಕೆ?’ ಬೆಲೆಗಳ ವಿಚಾರದಲ್ಲೂ ಅವರ ಕಿವಿ ವಿಶೇಷ ರಚನೆಯದು. ಡೀಸೆಲ್ ಏರಿದ ಸುದ್ದಿ ಪೆಟ್ರೋಲ್ ಬಂಕಿಗಿಂತ ಮೊದಲು ಅವರಿಗೆ ತಲುಪುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮೂಲ ಬೆಲೆ ಹಾಗೇ ಇದ್ದರೆ ಚೀಲಕ್ಕೆ ಶೇ 8ರ ಹತ್ತಿರ ಕಡಿಮೆಯಾಗಬೇಕು. ಆ ಸುದ್ದಿ ಇನ್ನೂ ದಾರಿಯಲ್ಲಿದೆ.

ಆದರೂ ಸಾಹೇಬರೊಬ್ಬರನ್ನೇ ದೂರಿದರೆ ದೇವರು ಮೆಚ್ಚುವುದಿಲ್ಲ. ಮೋಲ್ಡಿಗೆ ರಾಹುಕಾಲ ತಪ್ಪಿಸಲು ಎರಡು ಪಂಚಾಂಗ ತಿರುವುವ ಯಜಮಾನರು ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೆಯೇ ಎಂದು ಬಗ್ಗಿ ನೋಡುವುದಿಲ್ಲ. ತಾರಸಿಯ ಅಡಿಗೆ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಉಳಿಸುವ ಆ ಬಿಲ್ಲೆಗೆ ಕೆಲವೇ ರೂಪಾಯಿ. ಅದರ ಜಾಗದಲ್ಲಿ ಜಲ್ಲಿ ಚೂರು ಸಿಕ್ಕಿಸಿದರೆ ಕಂಬಿ ತುಕ್ಕು ಹಿಡಿದು ಹಾಲಿನ ಸೀಲಿಂಗಿನಲ್ಲಿ ಭೂಪಟ ಬರೆಯುತ್ತದೆ. ಆಗ ವಾಟರ್‌ಪ್ರೂಫಿಂಗಿನವರು ಬರುತ್ತಾರೆ. ವಿಚಾರಿಸಿದರೆ ಸಾಹೇಬರ ಭಾವಮೈದ. ಅಡುಗೆಮನೆ ಒಲೆ ತಿರುಗಿಸಲು ವಾಸ್ತುವಿನವರು ಕೇಳಿದ್ದು ಕೊಟ್ಟವರೇ ಎಂಜಿನಿಯರರ ಡ್ರಾಯಿಂಗಿಗೆ ‘ಎರಡು ಗೆರೆ ಎಳೆಯೋಕೆ ಇಷ್ಟಾ?’ ಎಂದಿರುತ್ತಾರೆ.

ಹಾಗಾದರೆ ಚೌಕಾಸಿಯಲ್ಲಿ ಗೆದ್ದ ಐವತ್ತು ರೂಪಾಯಿ ಎಲ್ಲಿಂದ ಬಂತು? ಸಾಹೇಬರು ಮನೆಯಿಂದ ತರಲಿಲ್ಲ. ಒಂದಷ್ಟು ಸಿಮೆಂಟಿನಿಂದ ಬಂತು, ಒಂದಷ್ಟು ಕಂಬಿಯಿಂದ, ಉಳಿದದ್ದು ಯಾದಗಿರಿ, ರಾಯಚೂರಿನಿಂದ ಬಂದು ಬಾಂಡ್ಲಿ ಹೊತ್ತವರ ಕೂಲಿಯಿಂದ. ನಿಮ್ಮ ಮೋಲ್ಡಿನ ಅಡ್ವಾನ್ಸು ಇನ್ನೊಬ್ಬರ ಮನೆಯ ಟೈಲ್ಸ್ ಆಗಿದೆ. ನಿಮ್ಮ ಟೈಲ್ಸಿಗೆ ಮೂರನೆಯವರ ಪಾಯದ ಅಡ್ವಾನ್ಸು ಬರಬೇಕು. ಅದಕ್ಕೇ ಕೆಲಸ ಆಗಾಗ ನಿಲ್ಲುತ್ತದೆ.

ಬೇಕಿದ್ದರೆ ಒಂದು ಪ್ರಯೋಗ ಮಾಡಿ. ಮಾತುಕತೆಯ ಮೊದಲ ದಿನವೇ ಒಂದು ಹಾಳೆ ಚಾಚಿ: ತಾರಸಿಯ ದಪ್ಪ ಇಷ್ಟು, ಗ್ರೇಡು ಇದು, ಕಂಬಿ ತೂಕದ ಮೇಲೆ, ನೀರು ಅಳತೆಯ ಮೇಲೆ, ಕ್ಯೂರಿಂಗು ಇಷ್ಟು ದಿನ, ಚದರದಲ್ಲಿ ಸೇರಿದ್ದು ಇವು, ಸೇರದ್ದಕ್ಕೆ ದರ ಇದು, ಹಣ ಅಳತೆಯಾದ ಮೇಲೆ. ಸಾಹೇಬರು ಓದುತ್ತಾರೆ. ಮೊದಲು ‘ನಂಬಿಕೆ ಇಲ್ವಾ ಸಾರ್?’ ಎಂದು ನೊಂದುಕೊಳ್ಳುತ್ತಾರೆ. ನೀವು ಪೆನ್ನು ಹಿಂದಕ್ಕೆ ತೆಗೆಯದಿದ್ದರೆ ಗಂಟಲು ಸರಿಪಡಿಸಿಕೊಂಡು, ‘ಇಷ್ಟೆಲ್ಲ ಬರ್ದು ಕೊಡೋದಾದ್ರೆ ರೇಟು ಬೇರೆ ಸಾರ್’ ಎನ್ನುತ್ತಾರೆ. ಕೋಪಿಸಿಕೊಳ್ಳಬೇಡಿ. ಇಡೀ ವ್ಯವಹಾರದಲ್ಲಿ ಅವರು ಆಡಿದ ಮೊದಲ ಸತ್ಯ ಅದು. ಮೊದಲು ಹೇಳಿದ ದರದಲ್ಲಿ ಇದಾವುದೂ ಇರಲಿಲ್ಲ.